ಒರಿಜಿನಲ್ ದಾಖಲೆ ಪೋಸ್ಟ್ ಮಾಡಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಬೇರೆ ದೇಶದಲ್ಲಿದ್ದಾಳೆ. ಅಲ್ಲೇ ಉಳಿಯುವ ಪರವಾನಗಿಯನ್ನು ಮುಂದುವರಿಸಬೇಕು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಡಿಗ್ರಿ ಸರ್ಟಿಫಿಕೇಟ್ ಎಲ್ಲವನ್ನೂ ಅಂಚೆಯಲ್ಲಿ ಕಳಿಸಿ ಎಂದು ಅಲ್ಲಿನ ಸರ್ಕಾರಿ ಕಚೇರಿಯವರು ಪತ್ರ ಬರೆದಿದ್ದಾರಂತೆ. ‘ರಿಜಿಸ್ಟರ್ಡ್ ಮಾಡಿದರೆ ಏನೂ ಆಗಲ್ಲ ಬಿಡಿ’ ಅಂತಾಳೆ. ನನಗಂತೂ ಧೈರ್ಯ ಸಾಲುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಪತ್ರವನ್ನು ಇನ್ನೊಮ್ಮೆ ನಿಧಾನವಾಗಿ ಓದಲು ಹೇಳಿ. ಒರಿಜಿನಲ್ಲೇ ಬೇಕು ಎಂದಿದೆಯಾ, ಅಥವಾ ಒರಿಜಿನಲ್ ಇಲ್ಲವೇ ದೃಢೀಕರಿಸಿದ ಪ್ರತಿ ಎಂದಿದೆಯಾ? ಎಷ್ಟೋ ಜನ ಈ ‘ಇಲ್ಲವೇ’ಯನ್ನು ನೋಡುವುದೇ ಇಲ್ಲ, ಪಟ್ಟಿ ನೋಡಿದ ತಕ್ಷಣ ಬೀರುವಿನಲ್ಲಿದ್ದದ್ದನ್ನೆಲ್ಲ ತೆಗೆದು ಕವರಿಗೆ ತುಂಬುತ್ತಾರೆ, ಕಡಿಮೆ ಆದರೆ ವಾಪಸ್ ಬರುತ್ತೆ ಅನ್ನೋ ಹೆದರಿಕೆಗೆ. ಕೇಳದೇ ಇದ್ದ ಒರಿಜಿನಲ್ ಕಳಿಸಿದರೆ ಅರ್ಜಿಗೆ ಬಲ ಬರುವುದಿಲ್ಲ. ಕಳೆಯುವ ವಸ್ತು ಮಾತ್ರ ಒಂದು ಜಾಸ್ತಿ ಆಗುತ್ತದೆ.

ಆಮೇಲೆ, ಪತ್ರದಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ಬೇರೆ ದಾರಿಯೇ ಇಲ್ಲ ಅಂತಲ್ಲ. ಕೌಂಟರಿಗೆ ಹೋಗಿ ತೋರಿಸಿ, ಅವರು ನೋಡಿ ಸೀಲು ಹಾಕಿಕೊಂಡು ಒರಿಜಿನಲ್ ಅಲ್ಲೇ ಕೈಗೆ ಕೊಡುವ ವ್ಯವಸ್ಥೆ ಇದೆಯಾ? ಆನ್‌ಲೈನ್‌ನಲ್ಲಿ ಗುರುತು ಸಾಬೀತು ಮಾಡಬಹುದಾ? ಈಗಿನ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಚಿಪ್ ಇರುತ್ತದೆ, ಅದನ್ನು ಮೊಬೈಲಿನಲ್ಲೇ ಓದಿಸಿ ಕೆಲಸ ಮುಗಿಸುವ ಕಚೇರಿಗಳೂ ಇವೆ. ಕೇಳಬೇಕು, ಅದೂ ಇಮೇಲ್‌ನಲ್ಲಿ, ಉತ್ತರ ಲಿಖಿತವಾಗಿ ಕೈಯಲ್ಲಿ ಇರುವ ಹಾಗೆ.

ಕಳಿಸಲೇಬೇಕು ಅಂತಾದರೆ, ಯಾವ ಕಾಗದ ಕಳೆದರೆ ಏನಾಗುತ್ತೆ ಅಂತ ಒಂದೊಂದನ್ನೇ ಯೋಚಿಸಿ. ಎಲ್ಲ ದಾಖಲೆಯೂ ಒಂದೇ ಅಲ್ಲ. ಜನನ ಪ್ರಮಾಣಪತ್ರ ಅಂದರೆ ಸಾಮಾನ್ಯವಾಗಿ ಕಚೇರಿಯ ರಿಜಿಸ್ಟರ್‌ನಿಂದ ತೆಗೆದುಕೊಟ್ಟ ನಕಲು. ನಿಜವಾದ ದಾಖಲೆ ಆ ರಿಜಿಸ್ಟರ್‌ನಲ್ಲೇ ಇರುತ್ತದೆ. ಹಾಗಾಗಿ ಹೊಸದಾಗಿ ಇನ್ನೊಂದು ಪ್ರತಿ ತೆಗೆಸಿ ಅದನ್ನು ಕಳಿಸಿ, ಮನೆಯಲ್ಲಿರುವುದು ಮನೆಯಲ್ಲೇ ಇರಲಿ. ಡಿಗ್ರಿ ಸರ್ಟಿಫಿಕೇಟ್ ಹಾಗಲ್ಲ. ಕಳೆದರೆ ವಿಶ್ವವಿದ್ಯಾಲಯ ಎರಡನೇ ಪ್ರತಿ ಕೊಡಬಹುದು, ಆದರೆ ಅದರ ಮೇಲೆ ‘ಡೂಪ್ಲಿಕೇಟ್’ ಎಂಬ ಮುದ್ರೆ ಬೀಳುವುದೇ ಹೆಚ್ಚು, ಮುಂದೆ ಕೆಲಸಕ್ಕೆ ಹೋದಲ್ಲೆಲ್ಲ ಅದಕ್ಕೆ ಕಾರಣ ಹೇಳುತ್ತಾ ಕೂರಬೇಕು. ಇನ್ನು ವೀಸಾ, ಎಂಟ್ರಿ ಮುದ್ರೆ ಎಲ್ಲ ಇರುವ ಹಳೇ ಪಾಸ್‌ಪೋರ್ಟ್. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ, ಅವಧಿ ಮುಗಿದಿದೆ ಅಲ್ವಾ ಅಂತ. ಆದರೆ ಹೊಸ ಪಾಸ್‌ಪೋರ್ಟ್ ದುಡ್ಡು ಕಟ್ಟಿದರೆ ಮತ್ತೆ ಸಿಗುತ್ತೆ, ಹಳೇದರಲ್ಲಿರುವ ಮುದ್ರೆಗಳನ್ನು ಯಾರೂ ಮತ್ತೆ ಒತ್ತಿಕೊಡುವುದಿಲ್ಲ. ಯಾವ ವರ್ಷ ಯಾವ ದೇಶದಲ್ಲಿದ್ದಳು ಅನ್ನುವುದಕ್ಕೆ ಎಷ್ಟೋ ಸಲ ಅದೊಂದೇ ಪುರಾವೆ. ಕಳಿಸುವ ಮುಂಚೆ ಖಾಲಿ ಪುಟಗಳನ್ನೂ ಸೇರಿಸಿ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಲಿ.

ಹಾಗೇ, ಪಾಸ್‌ಪೋರ್ಟ್ ಕೈಯಲ್ಲಿಲ್ಲದ ಆ ದಿನಗಳ ಬಗ್ಗೆಯೂ ಯೋಚಿಸಿ. ಕಳೆಯದೇ ಇದ್ದರೂ ಅದು ಫೈಲಿನಲ್ಲಿ ತಿಂಗಳುಗಟ್ಟಲೆ ಕೂರಬಹುದು. ಅಷ್ಟರಲ್ಲಿ ಊರಿಗೆ ಹೊರಡುವ ಪರಿಸ್ಥಿತಿ ಬಂದರೆ? ಬ್ಯಾಂಕಿನವರೋ ಮನೆ ಬಾಡಿಗೆಗೆ ಕೊಡುವವರೋ ಗುರುತಿನ ಚೀಟಿ ಕೇಳಿದರೆ? ಅರ್ಜಿ ನಡೆಯುತ್ತಿರುವಾಗ ತುರ್ತಾಗಿ ಪಾಸ್‌ಪೋರ್ಟ್ ವಾಪಸ್ ಪಡೆಯಲು ದಾರಿ ಇದೆಯಾ, ಹಾಗೆ ಪಡೆದರೆ ಅರ್ಜಿಯೇ ರದ್ದಾಗುತ್ತದಾ ಅಂತ ಮೊದಲೇ ತಿಳಿದುಕೊಳ್ಳಲಿ.

ಈಗ ರಿಜಿಸ್ಟರ್ಡ್ ವಿಷಯ. ಒಳ್ಳೆಯದೇ, ಸಾದಾ ಅಂಚೆಗಿಂತ ನೂರು ಪಾಲು ವಾಸಿ. ಆದರೆ ಅದು ಕೊಡುವುದು ಪುರಾವೆ. ಕಾಗದ ಕಳೆಯುವುದೇ ಇಲ್ಲ ಅನ್ನುವ ಖಾತ್ರಿಯನ್ನು ಯಾವ ಅಂಚೆಯೂ ಕೊಡಲ್ಲ. ದೇಶದಿಂದ ದೇಶಕ್ಕೆ ಹೋಗುವ ಅಂಚೆಗೆ 1874ರಲ್ಲಿ ಶುರುವಾದ ವಿಶ್ವ ಅಂಚೆ ಒಕ್ಕೂಟದ ನಿಯಮಗಳಿವೆ. ಅವುಗಳ ಪ್ರಕಾರ ರಿಜಿಸ್ಟರ್ಡ್ ಅಂಚೆ ಕಳೆದರೆ ಒಂದಿಷ್ಟು ನಿಗದಿತ ಪರಿಹಾರ ಸಿಗುತ್ತದೆ, ಅಷ್ಟೇ. ಪಾಸ್‌ಪೋರ್ಟ್ ಇಲ್ಲದೆ ವಿಮಾನ ತಪ್ಪಿತು, ಕೆಲಸ ಹೋಯಿತು ಅನ್ನುವ ನಷ್ಟ ಅದರಲ್ಲಿ ಸೇರುವುದಿಲ್ಲ. ಖಾಸಗಿ ಕೊರಿಯರ್ ಕಡೆ ಹೋಗುವುದಾದರೆ ನಿಯಮಗಳ ಸಣ್ಣಕ್ಷರವನ್ನು ಓದಲಿ, ಗುರುತಿನ ದಾಖಲೆಗಳಿಗೆ ಪರಿಹಾರವೇ ಇಲ್ಲ ಅಂತ ಬರೆದಿರುವವರು ಇದ್ದಾರೆ. ಕಚೇರಿಯ ವಿಳಾಸ ಪೋಸ್ಟ್ ಬಾಕ್ಸ್ ನಂಬರ್ ಮಾತ್ರ ಆಗಿದ್ದರೆ ಕೊರಿಯರ್‌ನವರು ಅಲ್ಲಿಗೆ ತಲುಪಿಸಲಾರರು.

ವಾಪಸ್ ಬರುವ ದಾರಿಯನ್ನು ಮಾತ್ರ ಮರೆಯಬೇಡಿ. ನಾವು ಕಳಿಸುವಾಗ ದುಡ್ಡು ಸುರಿದು, ನಂಬರ್ ಹಾಕಿಸಿ ಕಳಿಸುತ್ತೇವೆ, ಕಚೇರಿಯವರು ಅದನ್ನೇ ಸಾದಾ ಅಂಚೆಗೆ ಹಾಕಿ ಕೈ ತೊಳೆದುಕೊಳ್ಳಬಹುದು. ಸ್ವಂತ ವಿಳಾಸ ಬರೆದ, ಟ್ರ್ಯಾಕಿಂಗ್ ಇರುವ, ಹಣ ಮೊದಲೇ ಕಟ್ಟಿದ ಕವರ್ ಒಳಗಿಟ್ಟರೆ ತೆಗೆದುಕೊಳ್ಳುತ್ತೀರಾ ಅಂತ ಕೇಳಲಿ. ಆ ಕವರಿನ ನಂಬರನ್ನೂ ಬರೆದಿಟ್ಟುಕೊಳ್ಳಲಿ. ಬೇರೆ ದೇಶಕ್ಕೆ ಕಳಿಸುವವರು ನಮ್ಮ ದೇಶದ ಸ್ಟಾಂಪ್ ಅಂಟಿಸಿದ ಕವರ್ ಇಟ್ಟರೆ ಏನೂ ಪ್ರಯೋಜನ ಇಲ್ಲ, ಅದು ಅಲ್ಲಿ ನಡೆಯಲ್ಲ. ಮತ್ತೆ ಈ ನಡುವೆ ಮಗಳು ಮನೆ ಬದಲಾಯಿಸಿದರೆ ಹೊಸ ವಿಳಾಸವನ್ನು ಕಚೇರಿಗೆ ತಿಳಿಸಲೇಬೇಕು. ಹಳೇ ಬಾಡಿಗೆ ಮನೆಯ ಬಾಗಿಲಿಗೆ ಹೋಗಿ ಬಿದ್ದ ಪಾಸ್‌ಪೋರ್ಟ್ ಯಾರ ಕೈ ಸೇರುತ್ತೋ ಯಾರಿಗೆ ಗೊತ್ತು.

ಪ್ರಶ್ನೆ: ಕವರಿನ ಮೇಲೆ ‘ಮುಖ್ಯ ದಾಖಲೆಗಳು, ಪಾಸ್‌ಪೋರ್ಟ್ ಒಳಗಿದೆ’ ಎಂದು ಕೆಂಪು ಪೆನ್ನಿನಲ್ಲಿ ಬರೆದರೆ ಹುಷಾರಾಗಿ ಸಾಗಿಸುತ್ತಾರಲ್ವಾ?

ಉತ್ತರ: ಬೇಡ ಮಾರಾಯ್ರೇ! ಕದಿಯುವವನಿಗೆ ನಾವೇ ಗುರುತು ಹೇಳಿಕೊಟ್ಟ ಹಾಗೆ ಆಗುತ್ತದೆ. ಹೊರಗೆ ಎರಡು ವಿಳಾಸ ಇರಲಿ, ಸಾಕು. ಒಳಗೆ ಮಾತ್ರ ಒಂದು ಹಾಳೆಯಲ್ಲಿ ಹೆಸರು, ಅರ್ಜಿ ಸಂಖ್ಯೆ, ಫೋನ್ ನಂಬರ್, ಏನೇನು ಇಟ್ಟಿದ್ದೀರಿ ಎಂಬ ಪಟ್ಟಿ ಇರಬೇಕು. ಕವರ್ ಹರಿದು ಹೊರಗಿನ ವಿಳಾಸ ಹೋದರೂ ಒಳಗಿನ ಹಾಳೆ ನೋಡಿ ಯಾರದ್ದು ಅಂತ ಗೊತ್ತಾಗುತ್ತದೆ. ಪಾಸ್‌ಪೋರ್ಟ್‌ನಂಥ ದಪ್ಪ ವಸ್ತುವನ್ನು ತೆಳು ಕವರಿಗೆ ತುರುಕಬೇಡಿ. ವಿಂಗಡಿಸುವ ಯಂತ್ರದ ರೋಲರ್‌ಗಳ ನಡುವೆ ಹೋಗುವಾಗ ಅಂಥ ಕವರ್ ಹರಿಯುತ್ತದೆ. ಪೇಪರ್ ಕ್ಲಿಪ್ ಕೂಡ ಬೇಡ.

ಪ್ರಶ್ನೆ: ನಾನು ಕಳಿಸಿದ ದಾಖಲೆ ‘ತಲುಪಿದೆ’ ಎಂದು ಅಂಚೆಯವರ ವೆಬ್‌ಸೈಟ್ ತೋರಿಸುತ್ತಿದೆ. ಫೋನ್ ಮಾಡಿದರೆ ಕಚೇರಿಯವರು ‘ನಮಗೆ ಬಂದೇ ಇಲ್ಲ’ ಅನ್ನುತ್ತಾರೆ. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು! ದೊಡ್ಡ ಕಚೇರಿಗೆ ಬರುವ ಅಂಚೆಯನ್ನು ಇನ್‌ವರ್ಡ್ ಸೆಕ್ಷನ್‌ನವರು ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ಎಷ್ಟೋ ಕಡೆ ಇಡೀ ಕಟ್ಟಿಗೆ ಒಂದೇ ಸಹಿ. ಅಲ್ಲಿಂದ ಕವರ್ ಒಡೆದು, ನಂಬರ್ ಹಾಕಿ, ಸರಿಯಾದ ಟೇಬಲ್ಲಿಗೆ ಹೋಗಿ, ನಿಮ್ಮ ಫೈಲಿಗೆ ಸೇರುವವರೆಗೆ ದಿನಗಳೇ ಹಿಡಿಯುತ್ತವೆ, ಕೆಲವು ಸಲ ವಾರಗಳು. ನನ್ನ ಪ್ರಕಾರ ದಾಖಲೆ ಕಳೆಯುವ ಭಯ ದಾರಿಗಿಂತ ಇಲ್ಲೇ ಜಾಸ್ತಿ ಇರಬೇಕು. ದಾರಿಯಲ್ಲಿ ಅದಕ್ಕೊಂದು ನಂಬರ್ ಇತ್ತು. ಕವರ್ ಒಡೆದ ಮೇಲೆ ಆ ನಂಬರ್ ಕಸದ ಬುಟ್ಟಿಗೆ ಹೋಗುತ್ತದೆ, ಉಳಿಯುವುದು ಬರೀ ಕಾಗದ. ಸರಿಯಾಗಿ ತಲುಪಿಸಿದ ಮೇಲೆ ಅಂಚೆಯವರ ಹೊಣೆಯೂ ಮುಗಿಯಿತು.

ಅದಕ್ಕೇ ಪ್ರತಿಯೊಂದು ಕಾಗದಕ್ಕೂ ನಿಮ್ಮ ಅರ್ಜಿ ಸಂಖ್ಯೆಯ ಚೀಟಿ ಬೇಕು. ಒರಿಜಿನಲ್ ಮೇಲೆ ಬರೆಯಬೇಡಿ, ಪಿನ್ ಹೊಡೆಯಬೇಡಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು ಅದಕ್ಕೆ ಅಂಟಿಸಿ. ಈಗ ನೀವು ಮಾಡಬೇಕಾದದ್ದು: ಕವರ್ ತಲುಪಿದ್ದಕ್ಕೆ ಸಹಿ ಇರುವ ಪುರಾವೆಯನ್ನು ಅಂಚೆಯವರಿಂದ ತೆಗೆದುಕೊಳ್ಳಿ. ದಿನಾಂಕ, ಸಮಯ, ಸಹಿ ಮಾಡಿದವರ ಹೆಸರು ಹಾಕಿ, ‘ಇನ್‌ವರ್ಡ್ ಸೆಕ್ಷನ್‌ನಲ್ಲಿ ಹುಡುಕಿಸಿ’ ಎಂದು ಕಚೇರಿಗೆ ಲಿಖಿತವಾಗಿ ಬರೆಯಿರಿ. ಫೋನಿನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತದೆ. ತುಂಬಾ ಕಾಯಲೂ ಬೇಡಿ. ಅಂತಾರಾಷ್ಟ್ರೀಯ ಅಂಚೆಯಾದರೆ ವಿಚಾರಣೆ ಕೇಳಲು ಪೋಸ್ಟ್ ಮಾಡಿದ ಮರುದಿನದಿಂದ 6 ತಿಂಗಳ ಅವಧಿ ಇದೆ, ದೇಶದೊಳಗಿನ ಅಂಚೆಯಲ್ಲಿ ಇನ್ನೂ ಕಡಿಮೆ ಇರಬಹುದು. ರಸೀದಿ ಎಸೆದಿಲ್ಲ ತಾನೇ?

ಆ ರಸೀದಿಯಲ್ಲಿ ನಂಬರನ್ನೂ ಒಮ್ಮೆ ನೋಡಿ. ಅಂತಾರಾಷ್ಟ್ರೀಯ ಅಂಚೆಯಲ್ಲಿ ಒಟ್ಟು 13 ಅಕ್ಷರ–ಅಂಕಿಗಳು: ಎರಡು ಇಂಗ್ಲಿಷ್ ಅಕ್ಷರ, 9 ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ‘ಆರ್’ನಿಂದ ಶುರುವಾದರೆ ರಿಜಿಸ್ಟರ್ಡ್, ‘ವಿ’ ಆದರೆ ವಿಮೆ ಮಾಡಿಸಿದ್ದು, ‘ಇ’ ಆದರೆ ಎಕ್ಸ್‌ಪ್ರೆಸ್. ರಿಜಿಸ್ಟರ್ಡ್ ಅಂತ ದುಡ್ಡು ಕೊಟ್ಟು ಬೇರೆ ಅಕ್ಷರ ಇದ್ದರೆ ಕೌಂಟರಿನಲ್ಲೇ ಕೇಳಿ, ಮನೆಗೆ ಬಂದ ಮೇಲೆ ಅಲ್ಲ.

ಪ್ರಶ್ನೆ: ಜೆರಾಕ್ಸ್ ಕಳಿಸಿದರೆ ಭಯ ಇಲ್ಲ ಅಲ್ವಾ?

ಉತ್ತರ: ಕಾಗದ ಕಳೆಯುವ ಭಯ ಇಲ್ಲ, ಅದರಲ್ಲಿರುವ ಮಾಹಿತಿಯ ಭಯ ಇದ್ದೇ ಇದೆ. ಹೆಸರು, ಹುಟ್ಟಿದ ದಿನ, ಫೋಟೊ, ಸಹಿ, ನಂಬರ್ ಎಲ್ಲ ಒಂದೇ ಹಾಳೆಯಲ್ಲಿ ಸಿಕ್ಕರೆ ನಿಮ್ಮ ಹೆಸರಲ್ಲಿ ಸಾಲ ಎತ್ತಲು, ಸಿಮ್ ತೆಗೆಯಲು ಯತ್ನಿಸುವವರಿಗೆ ಅಷ್ಟು ಸಾಕು. ಪ್ರತಿಯ ಮೇಲೆ ಅಡ್ಡಲಾಗಿ ‘ಇಂಥ ಕಚೇರಿಗೆ, ಇಂಥ ಅರ್ಜಿಗೆ ಮಾತ್ರ’ ಎಂದು ಬರೆದು ದಿನಾಂಕ ಹಾಕಿ. ಫೋಟೊ, ನಂಬರ್ ಮುಚ್ಚದ ಹಾಗೆ ಬರೆಯಿರಿ. ಇಮೇಲ್‌ನಲ್ಲಿ ಕಳಿಸುವುದು ಸುರಕ್ಷಿತ ಅನ್ನುವವರಿದ್ದಾರೆ, ನನಗೆ ಒಪ್ಪಿಗೆ ಇಲ್ಲ. ನಿಮ್ಮ ಮೇಲ್‌ಬಾಕ್ಸ್‌ನಲ್ಲಿ ಒಂದು, ಅವರದ್ದರಲ್ಲಿ ಒಂದು, ಅವರು ಫಾರ್ವರ್ಡ್ ಮಾಡಿದಲ್ಲೆಲ್ಲ ಒಂದೊಂದು ಪ್ರತಿ ವರ್ಷಗಟ್ಟಲೆ ಉಳಿಯುತ್ತದೆ. ಕಚೇರಿಯದ್ದೇ ಪೋರ್ಟಲ್ ಇದ್ದರೆ ಅದರಲ್ಲಿ ಹಾಕಿ. ಇದ್ದಕ್ಕಿದ್ದಂತೆ ‘ದಾಖಲೆ ಈ ವಿಳಾಸಕ್ಕೆ ಕಳಿಸಿ’ ಎಂದು ಪತ್ರವೋ ಮೆಸೇಜೋ ಬಂದರೆ, ಅದರಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ವಿಚಾರಿಸಬೇಡಿ. ಕಚೇರಿಯ ವೆಬ್‌ಸೈಟನ್ನು ನೀವೇ ಹುಡುಕಿ ವಿಳಾಸ ಹೋಲಿಸಿ.

ಪ್ರಶ್ನೆ: ಅಂಚೆಯಲ್ಲಿ ಪಾಸ್‌ಪೋರ್ಟ್ ಕಳೆಯಿತೆಂದು ದೂರು ಕೊಟ್ಟೆ. ಈಗ ಅದೇ ಕವರ್ ಮನೆಗೆ ಬಂದಿದೆ. ಟಿಕೆಟ್ ಆಗಿದೆ, ಇದರಲ್ಲೇ ಹೋಗಲಾ?

ಉತ್ತರ: ದಯವಿಟ್ಟು ಹೋಗಬೇಡಿ. ಕಳೆದುಹೋಗಿದೆ ಎಂದು ಪಾಸ್‌ಪೋರ್ಟ್ ಕೊಟ್ಟ ಕಚೇರಿಗೆ ತಿಳಿಸಿದ ಮೇಲೆ ಅದು ಸಾಮಾನ್ಯವಾಗಿ ರದ್ದಾಗುತ್ತದೆ. ದೇಶಗಳು ಇಂಥ ನಂಬರ್‌ಗಳನ್ನು ಇಂಟರ್‌ಪೋಲ್‌ಗೂ ಕೊಡುತ್ತವೆ. ಕಳೆದ ಮತ್ತು ಕದ್ದ ಪ್ರಯಾಣ ದಾಖಲೆಗಳ ಪಟ್ಟಿಯನ್ನು ಅವರು 2002ರಿಂದ ಇಟ್ಟುಕೊಂಡಿದ್ದಾರೆ, ಗಡಿಯಲ್ಲಿ ಅಧಿಕಾರಿಗಳು ಅದನ್ನು ನೋಡುತ್ತಾರೆ. ಪುಸ್ತಕ ನಿಮ್ಮದೇ, ಫೋಟೊ ನಿಮ್ಮದೇ, ಆದರೂ ಅಲ್ಲಿ ನಿಮ್ಮನ್ನು ಪಕ್ಕಕ್ಕೆ ಕೂರಿಸುತ್ತಾರೆ. ‘ಸಿಕ್ಕಿತು’ ಅಂತ ಒಂದು ಫೋನ್ ಮಾಡಿದರೆ ಪಟ್ಟಿಯಿಂದ ಹೋಗುತ್ತೆ ಅಂದುಕೊಳ್ಳಬೇಡಿ. ಕೊಟ್ಟ ಕಚೇರಿಗೆ ತಿಳಿಸಿ, ಹಳೇದನ್ನು ಒಪ್ಪಿಸಿ, ಹೊಸದಕ್ಕೆ ಅರ್ಜಿ ಹಾಕಿ. ಹಳೇದರಲ್ಲಿ ಇನ್ನೂ ಅವಧಿ ಇರುವ ವೀಸಾ ಇದ್ದರೆ, ರದ್ದು ಮುದ್ರೆ ಒತ್ತಿ ಪುಸ್ತಕವನ್ನು ವಾಪಸ್ ಕೊಡಿ ಎಂದು ಅರ್ಜಿಯ ಜೊತೆಗೇ ಬರೆದುಕೊಡಿ. ಆ ವೀಸಾ ಇನ್ನೂ ನಡೆಯುತ್ತದಾ ಅಂತ ವೀಸಾ ಕೊಟ್ಟ ದೇಶದ ಕಚೇರಿಯನ್ನು ಕೇಳಿಯೇ ಟಿಕೆಟ್ಟಿನ ದಿನಾಂಕ ಬದಲಾಯಿಸಿ.