ವಾರದ ಸಭೆಗೆ ಪುರುಸೊತ್ತಿಲ್ಲದವರು ರೋಟರಿ ಸೇರುವುದು ಹೇಗೆ?

ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ಮುಂಬೈನ ಫೋರ್ಟ್‌ಗೆ ಹೋಗಿಬರುತ್ತೀರಿ, ಕೆಲಸದ ದಿನ ಸಂಜೆಯ ಸಭೆ ಆಗದ ಮಾತು ಅಂತೀರಿ. ಇಂಥವರಿಗೆ ಒಂದು ದಾರಿ ಇದೆ: ಸ್ಯಾಟಲೈಟ್ ಕ್ಲಬ್.

ಇದು ಈಗಾಗಲೇ ಇರುವ ರೋಟರಿ ಕ್ಲಬ್ಬಿನದೇ ಒಂದು ಟಿಸಿಲು. 8 ಜನ ಸೇರಿದರೆ ಶುರು ಮಾಡಬಹುದು. ಸೇರಿದವರೆಲ್ಲ ಮೂಲ ಕ್ಲಬ್ಬಿನ ಸದಸ್ಯರೇ. ಆದರೆ ಯಾವತ್ತು ಸೇರಬೇಕು, ಎಲ್ಲಿ, ಏನು ಕೆಲಸ ಮಾಡಬೇಕು ಅನ್ನುವುದು ನಿಮ್ಮ ಗುಂಪಿನ ತೀರ್ಮಾನ. ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ ಇಡ್ಲಿ ತಿನ್ನುತ್ತಾ ಮಾತಾಡಿ, ಇಲ್ಲವೇ ರಾತ್ರಿ ವಿಡಿಯೋ ಕಾಲ್‌ನಲ್ಲಿ ಸೇರಿ. 2016ರಲ್ಲಿ ರೋಟರಿ ತನ್ನ ನಿಯಮ ಸಡಿಲಿಸಿದೆ, ತಿಂಗಳಿಗೆ 2 ಸಭೆ ಸಾಕು.

ಹೊಸಬರು ರೋಟರಿಗೆ ಬರದಿರುವುದಕ್ಕೆ ಸಮಯ ಒಂದೇ ಕಾರಣವಲ್ಲ ಅಂತ ನನ್ನ ಅನಿಸಿಕೆ. ಕೋಟು ಹಾಕಿದ ಹಿರಿಯರ ನಡುವೆ ಒಬ್ಬರೇ ಹೋಗಿ ಕೂರುವುದು ಮುಜುಗರ, ಅಲ್ವಾ? ಇಲ್ಲಿ ಆಫೀಸಿನ ಗೆಳೆಯರು, ಅದೇ ಲೋಕಲ್‌ನಲ್ಲಿ ಬರುವ ಕನ್ನಡದವರು ಒಟ್ಟಿಗೇ ಸೇರಬಹುದು. ಮೂಲ ಕ್ಲಬ್ಬಿನ ಅನುಭವವೂ ಬೆನ್ನಿಗಿರುತ್ತದೆ.

20 ಜನ ಆದ ಮೇಲೆ ಬೇಕಿದ್ದರೆ ಸ್ವತಂತ್ರ ಕ್ಲಬ್ ಆಗಬಹುದು. ಲಯನ್ಸ್‌ನಲ್ಲೂ ಇಂಥದೇ ಶಾಖೆ ಇದೆ, ಅದಕ್ಕೆ 5 ಜನ ಸಾಕು.

ಒಂದು ಮಾತು. ಚಂದಾ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಟಿಸಿಲು ಅಂದಮಾತ್ರಕ್ಕೆ ಪುಕ್ಕಟೆ ಅಲ್ಲ. ಸುಮ್ನೆ ಕುರ್ಚಿ ಜೋಡಿಸಲು ಹುಡುಗರು ಬೇಕು ಅನ್ನುವ ಕ್ಲಬ್ ಆಗಿದ್ದರೆ ಬೇರೆ ಕ್ಲಬ್ ನೋಡಿ.