ಬಡತನವೇ ಕಾರಣ ಅಂದಮೇಲೆ ಕಠಿಣ ಶಿಕ್ಷೆ ಕೇಳಬಹುದಾ?

ಕಳ್ಳತನಕ್ಕೆ ಬಡತನವೇ ಕಾರಣ, ಆದರೂ ಕಳ್ಳನಿಗೆ ಕಠಿಣ ಶಿಕ್ಷೆ ಬೇಕು ಅಂತ ಬರೆಯಲು ಹೊರಟ ನಿಮ್ಮ ಪ್ರಬಂಧ ಅರ್ಧಕ್ಕೇ ನಿಂತಿರೋದು ಬಹುಶಃ ಎರಡು ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿದ್ದರಿಂದ. ‘ಬಡತನದಿಂದಲೇ ಕಳ್ಳತನ’ ಅನ್ನುವುದು ಕಾರಣದ ಮಾತು. ‘ಆದರೂ ಕಳ್ಳನಿಗೆ ಕಠಿಣ ಶಿಕ್ಷೆ ಆಗಲಿ’ ಅನ್ನುವುದು ಉದ್ದೇಶದ ಮಾತು. ಎರಡನ್ನೂ ನಂಬಿದರೆ ತಪ್ಪೇನಿಲ್ಲ.

ಮೊದಲು ಒಂದೇ ಒಂದು ಘಟನೆ ಹಿಡಿಯಿರಿ. ಹತ್ತೊಂಬತ್ತರ ಹುಡುಗ, ಬೀಗ ಹಾಕದ ಸೈಕಲ್ ಕದ್ದ, ಮಾರಿ ಮನೆ ಬಾಡಿಗೆ ಕಟ್ಟಿದ. ಅವನಿಗೆ ಶಿಕ್ಷೆ ಯಾಕೆ? ಮಾಡಿದ್ದಕ್ಕೆ ತಕ್ಕದ್ದು ಸಿಗಲಿ ಅಂತಾನಾ, ಬೇರೆಯವರು ಹೆದರಲಿ ಅಂತಾನಾ, ಸ್ವಲ್ಪ ದಿನ ದೂರ ಇರಲಿ ಅಂತಾನಾ, ಇಲ್ಲ ತಿದ್ದಿಕೊಳ್ಳಲಿ ಅಂತಾನಾ? ಮುಖ್ಯವಾದ ಒಂದನ್ನು ಆರಿಸಿ. ಇಲ್ಲಿ ಜಾಸ್ತಿ ಹೊತ್ತು ಬೇಕು, ಯಾಕಂದ್ರೆ ಸಿಟ್ಟಲ್ಲಿ ನಾವು ಬಾಯಲ್ಲಿ ‘ಹೆದರಲಿ’ ಅಂದರೂ ಒಳಗೊಳಗೆ ‘ಅನುಭವಿಸಲಿ’ ಅಂತಲೇ ಅಂದುಕೊಂಡಿರುತ್ತೇವೆ (ನಾನಂತೂ ಹಾಗೆ).

ಹೆದರಿಕೆ ಆರಿಸಿದರೆ ಒಂದು ಗಮನಿಸಿ. ಶಿಕ್ಷೆ ಎಷ್ಟು ಕ್ರೂರ ಅನ್ನುವುದಕ್ಕಿಂತ ಅದು ತಪ್ಪದೆ ಸಿಕ್ಕೇ ಸಿಗುತ್ತೆ ಅನ್ನುವುದೇ ಜನರನ್ನು ಹೆಚ್ಚು ತಡೆಯುತ್ತೆ ಅಂತ ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ವಾದಿಸಿದ್ದರು. ಕುಡಿದ ಮತ್ತಿನಲ್ಲೋ ಕೋಪದಲ್ಲೋ ಮಾಡಿದ ಅಪರಾಧಕ್ಕೆ ಇದು ಎಷ್ಟು ಹೊಂದುತ್ತೋ, ನನಗೆ ಅನುಮಾನ.

ಆಮೇಲೆ ಕಾರಣಕ್ಕೊಂದು ಪ್ಯಾರಾ, ಶಿಕ್ಷೆಗೊಂದು ಪ್ಯಾರಾ ಬರೆಯಿರಿ. ಬಡತನಕ್ಕೆ ಎಷ್ಟು ರಿಯಾಯಿತಿ ಅನ್ನುವುದನ್ನು ಮೂರನೆಯದರಲ್ಲಿ ಇಡಿ.