ವಾರಕ್ಕೆ ಹನ್ನೆರಡು ಅನಿಮೆ, ಅದೂ 1.5 ಸ್ಪೀಡಲ್ಲಿ?

ಅನಿಮೆ ಅಂದ್ರೆ ಜಪಾನಿನ ಕಾರ್ಟೂನ್ ಸೀರಿಯಲ್, ಮೂರು ತಿಂಗಳಿಗೊಂದು ಸೀಸನ್. ಈ ಸೀಸನ್‌ನಲ್ಲಿ ಹನ್ನೆರಡು ಶೋ ಹಿಡಿದಿದ್ದೀರಿ, ಮುಗಿಸೋಕೆ ಆಗ್ತಿಲ್ಲ, 1.5 ಸ್ಪೀಡಲ್ಲಿ ಓಡಿಸಲೋ ಇಲ್ಲ ಸೀಸನ್ ಮುಗಿದ ಮೇಲೆ ಒಟ್ಟಿಗೆ ನೋಡಲೋ ಅಂತ ಕೇಳಿದ್ದೀರಿ. ನಿಮ್ಮದು ರಾಯಚೂರು, ಡಿಗ್ರಿ ಕೊನೇ ವರ್ಷ. ಊರು ಮತ್ತು ಕಾಲೇಜು ಬಿಟ್ಟರೆ 2023ರ ಅಕ್ಟೋಬರ್‌ನಲ್ಲಿ ನಾನೂ ಹೀಗೇ ಇದ್ದೆ. ನಮ್ಮದು ಬಳ್ಳಾರಿ.

ಆಗ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯೋಕೆ ಸೇರಿದ್ದೆ. ದಸರಾ, ದೀಪಾವಳಿ ಹತ್ತಿರ ಬಂದರೆ ಜೀನ್ಸ್‌ಗೂ ಸೀಸನ್. ಕಟಿಂಗ್ ಆದ ಪೀಸ್ ಎಷ್ಟು, ಹೊಲಿಗೆಗೆ ಹೋದದ್ದೆಷ್ಟು, ಕಾಜಾ-ಬಟನ್ ಆದದ್ದೆಷ್ಟು, ವಾಷಿಂಗ್‌ನಿಂದ ವಾಪಸ್ ಬಂದದ್ದೆಷ್ಟು, ದಿನವಿಡೀ ಇದೇ. ರಾತ್ರಿ ಮನೆಗೆ ಬಂದು ಅನಿಮೆ. ಅದನ್ನೂ ಪೀಸ್ ಲೆಕ್ಕದ ಹಾಗೇ ನೋಡೋಕೆ ಯಾವಾಗ ಶುರು ಮಾಡಿದೆನೋ ನನಗೇ ಗೊತ್ತಾಗಲಿಲ್ಲ.

ಇದಕ್ಕೆ ಅರ್ಧ ಕಾರಣ ದುಡ್ಡು. 2022ರಲ್ಲಿ ಅನಿಮೆ ತೋರಿಸೋ ಆ್ಯಪ್ ಕ್ರಂಚಿರೋಲ್ ಇಂಡಿಯಾದಲ್ಲಿ ರೇಟು ಇಳಿಸಿ ತಿಂಗಳಿಗೆ 79 ರೂಪಾಯಿ ಮಾಡಿತ್ತು. ಅಲ್ಲಿವರೆಗೆ ಎಲ್ಲೆಲ್ಲೋ ಕದ್ದು ನೋಡ್ತಿದ್ದ ನನ್ನಂಥವನು ಮೊದಲ ಸಲ ದುಡ್ಡು ಕೊಟ್ಟು ನೋಡೋನಾದೆ. ಕೊಟ್ಟಮೇಲೆ ವಸೂಲಿ ಆಗಬೇಕಲ್ವಾ? ಒಂದೇ ಶೋ ನೋಡಿದರೆ ಅದಕ್ಕೇ 79, ಹತ್ತು ನೋಡಿದರೆ ಒಂದಕ್ಕೆ ಎಂಟು ರೂಪಾಯಿನೂ ಬೀಳಲ್ಲ. ಈ ತಲೆ ಇಟ್ಟುಕೊಂಡು ಆ ಸೀಸನ್‌ಗೆ ಕೂತೆ.

ಆ ಸೀಸನ್ ಎಂಥದ್ದು ಅಂತ ನಿಮಗೆ ಗೊತ್ತಿರಬಹುದು. ಗುರುವಾರ ಜುಜುತ್ಸು ಕೈಸೆನ್, ಶಿಬುಯಾ ಕಥೆ ಅರ್ಧಕ್ಕೆ ಬಂದಿತ್ತು. ಶುಕ್ರವಾರ ಫ್ರೀರೆನ್. ಶನಿವಾರ ಸ್ಪೈ ಫ್ಯಾಮಿಲಿ ಎರಡನೇ ಸೀಸನ್, ಅದರ ಜೊತೆ ಅಪೊಥೆಕರಿ ಡೈರೀಸ್. ಭಾನುವಾರ ಶಾಂಗ್ರಿ-ಲಾ ಫ್ರಾಂಟಿಯರ್. ನಡುನಡುವೆ ಡಾಕ್ಟರ್ ಸ್ಟೋನ್, ಗಾಬ್ಲಿನ್ ಸ್ಲೇಯರ್. ನವೆಂಬರ್ ಮೊದಲ ವಾರ ಅಟ್ಯಾಕ್ ಆನ್ ಟೈಟನ್‌ನ ಕಟ್ಟಕಡೆಯ ಎಪಿಸೋಡ್. ಯಾವುದನ್ನು ಬಿಡಲಿ? ಎಲ್ಲ ಹಿಡಿದೆ. ಒಂದು ಶೀಟ್ ಮಾಡಿದೆ: ಶೋ ಹೆಸರು, ವಾರ, ಎಪಿಸೋಡ್ ನಂಬರ್, ಹತ್ತಕ್ಕೆ ಎಷ್ಟು ಅಂಕ. ನೋಡಿದ್ದಕ್ಕೆ ಹಸಿರು, ಬಾಕಿ ಇದ್ದದ್ದಕ್ಕೆ ಕೆಂಪು. ಮಂಗಳವಾರದ ಹೊತ್ತಿಗೆ ಶೀಟ್ ಪೂರ್ತಿ ಕೆಂಪಾಗಿರ್ತಿತ್ತು.

ಆಗಲೇ ನನ್ನ ಕೈ ಆ ಸ್ಪೀಡ್ ಬಟನ್‌ಗೆ ಹೋಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ನೀವು ಬೈದರೂ ಪರವಾಗಿಲ್ಲ.

ಮೊದಲು 1.25 ಇಟ್ಟೆ. ಫರಕೇ ಗೊತ್ತಾಗಲಿಲ್ಲ. ಇದು ಇಷ್ಟು ಸಲೀಸು ಇದ್ದರೆ 1.5 ಯಾಕಾಗಬಾರದು ಅನಿಸಿತು. ಅದಕ್ಕೂ ಕಿವಿ ಒಗ್ಗಿತು. ಹೇಗಿದ್ದರೂ ಜಪಾನೀಸ್ ನಮಗೆ ಅರ್ಥ ಆಗಲ್ಲ, ಅವರು ಬೇಗ ಮಾತಾಡಿದರೇನು, ನಿಧಾನ ಮಾತಾಡಿದರೇನು? ಅರ್ಥ ಆಗೋದು ಕೆಳಗಿನ ಇಂಗ್ಲಿಷ್ ಸಾಲು. ತಪ್ಪಿದ್ದು ಇಲ್ಲೇ. ಇಂಗ್ಲಿಷ್ ನಮಗೆ ಮನೆ ಭಾಷೆ ಅಲ್ಲ. ನಾನು ಸರ್ಕಾರಿ ಕನ್ನಡ ಮೀಡಿಯಂನಲ್ಲಿ ಓದಿದವನು, ಒಂದು ಸಾಲು ಓದಿ ತಲೆಗೆ ಹಾಕಿಕೊಳ್ಳೋಕೆ ಅಷ್ಟಿಷ್ಟು ಹೊತ್ತು ಬೇಕು. ಮಾಮೂಲಿ ಸ್ಪೀಡಲ್ಲಿ ಓದಿ ಮುಗಿಸಿ, ಕಣ್ಣೆತ್ತಿ ಚಿತ್ರ ನೋಡೋಕೆ ಟೈಮ್ ಸಿಗುತ್ತೆ. 1.5ರಲ್ಲಿ ಆ ಟೈಮೇ ಇಲ್ಲ. ಓದಿ ಮುಗಿಸೋದರೊಳಗೆ ಮುಂದಿನ ಸಾಲು ಬಂದಿರುತ್ತೆ. ಕಣ್ಣು ಸ್ಕ್ರೀನಿನ ಕೆಳಗಿನ ಎರಡು ಬೆರಳು ಜಾಗ ಬಿಟ್ಟು ಮೇಲೇಳಲ್ಲ. ಹೀಗೆ ನಾನು ತಿಂಗಳುಗಟ್ಟಲೆ ಅನಿಮೆ ಓದಿದೆ, ನೋಡಲಿಲ್ಲ.

ಇನ್ನೊಂದು ವಿಷಯ ಆಮೇಲೆ ತಿಳೀತು. ಒಂದು ಸೆಕೆಂಡಿಗೆ 24 ಫ್ರೇಮ್ ಇದ್ದರೂ ಟಿವಿ ಅನಿಮೆಯಲ್ಲಿ 24 ಹೊಸ ಚಿತ್ರ ಬರೆಯಲ್ಲ. ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡು ಫ್ರೇಮ್, ಮೂರು ಫ್ರೇಮ್ ನಿಲ್ಲಿಸ್ತಾರೆ. ಯಾರೂ ಮಾತಾಡದ ಕಡೆ ಇನ್ನೂ ಜಾಸ್ತಿ ಹೊತ್ತು ನಿಲ್ಲಿಸ್ತಾರೆ. ಎಲ್ಲಿ ಎಷ್ಟು ಹೊತ್ತು ಅಂತ ಡೈರೆಕ್ಟರ್ ಕೂತು ಲೆಕ್ಕ ಹಾಕಿ ಇಟ್ಟಿರ್ತಾನೆ. ಅವನು ಆರು ಸೆಕೆಂಡ್ ಸುಮ್ನೆ ಬಿಟ್ಟಿದ್ದರೆ ನೀವು ಅದನ್ನು ನಾಲ್ಕಕ್ಕೆ ಇಳಿಸ್ತೀರಿ. ಹೊಡೆದಾಟದ ಶೋ ಇದನ್ನು ತಡೆದುಕೊಳ್ಳುತ್ತೆ. ಫ್ರೀರೆನ್ ತಡೆದುಕೊಳ್ಳಲ್ಲ, ಅದು ನಿಂತಿರೋದೇ ಆ ಸುಮ್ಮನಿರೋ ಜಾಗಗಳ ಮೇಲೆ.

ನೀವು ನೋಡಿಲ್ಲದಿದ್ದರೆ ಎರಡು ಮಾತಲ್ಲಿ ಹೇಳ್ತೇನೆ. ಫ್ರೀರೆನ್ ಒಬ್ಬ ಎಲ್ಫ್, ಅಂದ್ರೆ ಕಥೆಗಳಲ್ಲಿ ಬರೋ ದೀರ್ಘಾಯುಷ್ಯದ ಜನದವಳು, ಸಾವಿರ ವರ್ಷ ದಾಟಿದವಳು. ಹಿಮ್ಮೆಲ್ ಎಂಬ ವೀರ ಮತ್ತು ಇನ್ನಿಬ್ಬರ ಜೊತೆ ಹತ್ತು ವರ್ಷ ತಿರುಗಿ ರಾಕ್ಷಸ ರಾಜನನ್ನು ಕೊಂದು ಬಂದಿರ್ತಾಳೆ. ಕಥೆ ಅಲ್ಲಿಂದ ಶುರು. ಉಲ್ಕೆ ಬೀಳೋದನ್ನು ಐವತ್ತು ವರ್ಷ ಆದಮೇಲೆ ಇನ್ನೂ ಚೆನ್ನಾಗಿ ಕಾಣೋ ಜಾಗದಿಂದ ತೋರಿಸ್ತೀನಿ ಅಂತ ಹೇಳಿ ಹೊರಟುಬಿಡ್ತಾಳೆ. ಅವಳಿಗೆ ಐವತ್ತು ವರ್ಷ ಅಂದ್ರೆ ನಾಳೆ ನಾಡಿದ್ದು ಇದ್ದ ಹಾಗೆ. ವಾಪಸ್ ಬಂದಾಗ ಹಿಮ್ಮೆಲ್ ಬೋಳುತಲೆಯ ಮುದುಕ. ಸ್ವಲ್ಪ ದಿನಕ್ಕೇ ತೀರಿಕೊಳ್ತಾನೆ. ಮಣ್ಣು ಮಾಡೋ ಹೊತ್ತಿಗೆ, ಇವನನ್ನು ಯಾಕೆ ಸರಿಯಾಗಿ ತಿಳಿದುಕೊಳ್ಳಲಿಲ್ಲ ಅಂತ ಅವಳು ಅಳ್ತಾಳೆ. ಇಷ್ಟೂ ಮೊದಲ ಎಪಿಸೋಡ್‌ನಲ್ಲೇ. ನನ್ನ ಫೋನಲ್ಲಿ ಅದು 16 ನಿಮಿಷದಲ್ಲಿ ಮುಗಿದು ಹೋಯ್ತು. ಶೀಟಲ್ಲಿ ಹಸಿರು, ಹತ್ತಕ್ಕೆ ಆರು, ಪಕ್ಕದಲ್ಲಿ "ಸ್ಲೋ" ಅಂತ ಒಂದು ಷರಾ.

ಗಂಗಾವತಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳು ಇದ್ದಾಳೆ, ಆಗ ಪಿಯುಸಿ ಎರಡನೇ ವರ್ಷ. ಅವಳಿಗೆ ಅನಿಮೆ ಹಚ್ಚಿದ್ದೇ ನಾನು. ಓದೋ ಹುಡುಗಿ ಅಂತ ಚಿಕ್ಕಮ್ಮ ಫೋನ್ ಕೊಡ್ತಿದ್ದದ್ದು ಶುಕ್ರವಾರ ರಾತ್ರಿ ಮಾತ್ರ. ಹಾಗಾಗಿ ಅವಳ ಪಾಲಿಗೆ ಬಂದದ್ದು ಫ್ರೀರೆನ್ ಒಂದೇ. ಜಪಾನ್ ಟಿವಿಯಲ್ಲಿ ಅದು ಶುಕ್ರವಾರ ರಾತ್ರಿ 11ಕ್ಕೆ, ನಮಗಿಂತ ಅವರು ಮೂರೂವರೆ ಗಂಟೆ ಮುಂದೆ, ಅಂದ್ರೆ ನಮ್ಮಲ್ಲಿ ಸಂಜೆ ಏಳೂವರೆ. ಸಬ್‌ಟೈಟಲ್ ಜೊತೆ ಆ್ಯಪ್‌ಗೆ ಬಂದ ಕೂಡಲೇ ಅವಳು ನೋಡಿ ಮುಗಿಸಿ, ಊಟಕ್ಕೆ ಕೂರೋ ಮುಂಚೆ ನನಗೆ ಫೋನ್ ಮಾಡ್ತಿದ್ದಳು.

ಮೊದಲ ದಿನ, ಸೆಪ್ಟೆಂಬರ್ 29ಕ್ಕೆ, ನಾಲ್ಕು ಎಪಿಸೋಡ್ ಒಟ್ಟಿಗೆ ಬಂದಿದ್ದವು. ಅದರಲ್ಲೇ ಒಂದು ಕಡೆ ಹಳ್ಳಿಯಲ್ಲಿರೋ ಹಿಮ್ಮೆಲ್‌ನ ಪ್ರತಿಮೆಗೆ ಇಡೋಕೆ ಅಂತ ಫ್ರೀರೆನ್ ಒಂದು ಹೂವು ಹುಡುಕ್ತಾಳೆ. ಅವನ ಊರಿನ ಹೂವು. ತಿಂಗಳುಗಟ್ಟಲೆ ಹುಡುಕ್ತಾಳೆ. ಜೊತೆಗಿರೋ ಫರ್ನ್ ಎಂಬ ಹುಡುಗಿಗೆ ತಾಳ್ಮೆ ಕೆಟ್ಟು ಹೋಗುತ್ತೆ. ಕೆಲವು ವಾರ ಆದಮೇಲೂ ಇದರ ಬಗ್ಗೆ ತಂಗಿ ಫೋನಲ್ಲಿ ಹೇಳಿದ್ದೇ ಹೇಳಿದ್ದು. ನಾನು ಇನ್ನೊಂದು ಕೈಯಲ್ಲಿ ಡಾಕ್ಟರ್ ಸ್ಟೋನ್ ಓಡಿಸ್ತಾ ಹ್ಞೂಂ ಹ್ಞೂಂ ಅಂತಿದ್ದೆ.

"ಅಣ್ಣಾ, ನೋಡೀಯಿಲ್ಲೋ ನೀನು?"

"ನೋಡೀನವ್ವ. ಸ್ವಲ್ಪ ಎಳದಾರ."

"ಹೂವಿನ ಬಣ್ಣ ಯಾವುದು, ಹೇಳು ನೋಡೋಣ."

ಬಿಳೀದು ಅಂದೆ. ಅದು ನೀಲಿ. ಸಿಗೋ ಹೊತ್ತಿಗೆ ಸ್ಕ್ರೀನ್ ತುಂಬ ನೀಲಿನೇ ಇರುತ್ತೆ, ಕಣ್ಣಿದ್ದವರು ಯಾರೂ ಮರೆಯೋ ಹಾಗಿಲ್ಲ. "ಬಿಡಣ್ಣ, ನೀ ನೋಡೇ ಇಲ್ಲ" ಅಂತ ಅಂದು ಅವಳು ಬೇರೆ ಮಾತಿಗೆ ಹೋದಳು. ಜಗಳ ಏನಿಲ್ಲ. ಆದರೆ ಮುಂದಿನ ಶುಕ್ರವಾರ ಫೋನ್ ಬರಲಿಲ್ಲ, ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಕ್ಲಾಸಿನ ಗೆಳತಿ ಒಬ್ಬಳಿಗೆ ಆ ಶೋ ಹಚ್ಚಿದ್ದಾಳಂತೆ, ಈಗ ಅವರಿಬ್ಬರೂ ಮಾತಾಡ್ತಾರೆ ಅಂತ ಚಿಕ್ಕಮ್ಮ ಹೇಳಿ ಗೊತ್ತಾಯ್ತು. ನಾನು ಕೆಲವು ಎಪಿಸೋಡ್ ಆದಮೇಲೆ ಫ್ರೀರೆನ್ ಬಿಟ್ಟೇಬಿಟ್ಟೆ. ಅದು 28 ಎಪಿಸೋಡ್ ಓಡಿ 2024ರ ಮಾರ್ಚ್‌ನಲ್ಲಿ ಮುಗೀತು, ಜನ ಅನಿಮೆಗೆ ಅಂಕ ಕೊಡೋ ಮೈಅನಿಮೆಲಿಸ್ಟ್ ವೆಬ್‌ಸೈಟಲ್ಲಿ ಮೊದಲ ಸ್ಥಾನಕ್ಕೂ ಏರಿತು. ನನ್ನ ಶೀಟಲ್ಲಿ ಇನ್ನೂ ಆರೇ ಇತ್ತು.

ಆಮೇಲೆ ನೋಡಿದೆ. 2024ರ ಬೇಸಿಗೆಯಲ್ಲಿ, ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡು, ಮಾಮೂಲಿ ಸ್ಪೀಡಲ್ಲಿ, ಒಂದೇ ವಾರದಲ್ಲಿ ಎಲ್ಲ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆದರೆ ನೋಡಿ ಮುಗಿಸಿ ಯಾರಿಗೆ ಫೋನ್ ಮಾಡಲಿ? ತಂಗಿಗೆ ಮಾಡಿದೆ. ಅವಳು ಸಿಇಟಿ ಗಡಿಬಿಡಿಯಲ್ಲಿದ್ದಳು. "ಹೌದಣ್ಣ, ಚಲೋ ಐತಲ್ಲ" ಅಂದಳು, ಅಷ್ಟೇ. ಅವಳ ಮಟ್ಟಿಗೆ ಅದು ಮಾತಾಡಿ ಮುಗಿದ ವಿಷಯ.

ಅದಕ್ಕೇ ಸೀಸನ್ ಮುಗಿದ ಮೇಲೆ ಒಟ್ಟಿಗೆ ನೋಡೋ ಐಡಿಯಾ ನನಗೆ ಹಿಡಿಸಲ್ಲ. ಕಥೆ ಆರು ತಿಂಗಳು ಆದಮೇಲೂ ಸಿಗುತ್ತೆ. ಮುಂದಿನ ವಾರ ಏನಾಗಬಹುದು ಅಂತ ಚಹಾ ಕುಡೀತಾ ವಾದ ಮಾಡೋಕೆ ಆಗ ಯಾರೂ ಸಿಗಲ್ಲ. ಎರಡು ಕಡೆ ಮಾತ್ರ ಒಟ್ಟಿಗೆ ನೋಡೋದು ಸರಿ ಅಂತೀನಿ. ಒಂದು, ಬರೋದೇ ಒಟ್ಟಿಗೆ ಬಂದರೆ. ಪ್ಲೂಟೋದ ಎಂಟೂ ಎಪಿಸೋಡ್ ನೆಟ್‌ಫ್ಲಿಕ್ಸ್‌ನಲ್ಲಿ ಒಂದೇ ದಿನ ಬಂದ ಹಾಗೆ. ಎರಡು, ಶೋ ನಿಂತು ನಿಂತು ಬರ್ತಿದ್ದರೆ. ಝೋಮ್ 100 ಜುಲೈನಲ್ಲಿ ಶುರುವಾಗಿ, ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕೊನೇ ಮೂರು ಎಪಿಸೋಡ್ ಬಂದದ್ದು ಡಿಸೆಂಬರ್ ಕ್ರಿಸ್‌ಮಸ್ ಹೊತ್ತಿಗೆ. ಅಂಥದ್ದಕ್ಕೆ ಭಾನುವಾರ ಭಾನುವಾರ ಕಾದು ಕೂರೋದು ದಂಡ.

ಈಗ ನಿಮ್ಮ ಹನ್ನೆರಡರ ಲೆಕ್ಕಕ್ಕೆ ಬರೋಣ. ಇದು ನನ್ನ ಕಸುಬು, ಆದ್ದರಿಂದ ಮಾಡಿಯೇ ತೋರಿಸ್ತೇನೆ. ಎಪಿಸೋಡ್‌ಗೆ 24 ನಿಮಿಷ ಅಂತ ಹಿಡಿದರೆ ಹನ್ನೆರಡಕ್ಕೆ ವಾರಕ್ಕೆ 288 ನಿಮಿಷ. 1.5ರಲ್ಲಿ ಓಡಿಸಿದರೆ 192. ಉಳಿದದ್ದು 96 ನಿಮಿಷ. ಈಗ ಸ್ಪೀಡ್ ಮುಟ್ಟಬೇಡಿ, ನಾಲ್ಕು ಶೋ ತೆಗೆಯಿರಿ. ಎಂಟು ಶೋಗೆ ಎಷ್ಟಾಯ್ತು? ಅದೇ 192. ಹನ್ನೆರಡನ್ನೂ ಹಾಳು ಮಾಡಿ ಉಳಿಸೋ ಟೈಮು, ಯಾವ ನಾಲ್ಕು ಬಿಟ್ಟರೂ ನಿಮಗೆ ನೆನಪಾಗಲ್ಲವೋ ಆ ನಾಲ್ಕು ಬಿಟ್ಟರೆ ಸಿಗುತ್ತೆ. ಆ 2023ರಲ್ಲಿ ಈ ಭಾಗಾಕಾರ ನನಗೆ ಹೊಳೀಲಿಲ್ಲ ನೋಡಿ, ದಿನಾ ಸಾವಿರಾರು ಪೀಸ್ ಲೆಕ್ಕ ಹಾಕೋನಿಗೆ.

ಎಂಟೂ ಜಾಸ್ತಿನೇ ಅಂತೀನಿ ನಾನು. ಎರಡು ಸಾಕು. ಯಾವೆರಡು? ಒಂದು, ನಿಮ್ಮ ಪಕ್ಕದಲ್ಲಿರೋ ಯಾರಾದರೂ ನೋಡ್ತಿರೋದು. ಹಾಸ್ಟೆಲ್ ಗೆಳೆಯ ಆಗಲಿ, ತಮ್ಮ ಆಗಲಿ. ಅದು ಸುಮಾರಾಗಿದ್ದರೂ ನಡೆಯುತ್ತೆ. ಇನ್ನೊಂದು, ಯಾರು ಏನೇ ಅಂದರೂ ನಿಮಗೆ ಇಷ್ಟವಾದದ್ದು. ಮೂರನೇದು ಬೇಕು ಅನಿಸಿದರೆ ಇವೆರಡರಲ್ಲಿ ಒಂದು ಬಿಡಿ. ಮೂರು ಎಪಿಸೋಡ್ ನೋಡಿ ಆಮೇಲೆ ತೀರ್ಮಾನ ಮಾಡಬೇಕು ಅಂತ ಒಂದು ನಿಯಮ ಎಲ್ಲರೂ ಹೇಳ್ತಾರೆ. 2011ರಲ್ಲಿ ಮಡೋಕಾ ಮ್ಯಾಜಿಕಾ ಅನ್ನೋ ಶೋದ ಮೂರನೇ ಎಪಿಸೋಡ್ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು, ಆವಾಗಿನಿಂದ ಈ ಮಾತು ಜೋರಾಯ್ತು. ಪ್ರತಿ ಶೋನೂ ಮಡೋಕಾ ಅಲ್ಲ. ಮೊದಲನೇದು ಅರ್ಧಕ್ಕೆ ಆಕಳಿಕೆ ಬಂದರೆ ಎದ್ದು ಹೋಗಿ.

ಎಲ್ಲವನ್ನೂ ನೋಡದಿದ್ದರೆ ಹಿಂದೆ ಬೀಳ್ತೀನಿ ಅಂತ ಬರೆದಿದ್ದೀರಿ. ಯಾರಿಗಿಂತ ಹಿಂದೆ? ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ವರ್ಷಕ್ಕೆ ನಾಲ್ಕು ಸಲ ಹತ್ತಾರು ಹೊಸ ಶೋ ಬಂದು ಬೀಳ್ತವೆ. ಮಾಡೋರೇ ಸುಸ್ತಾಗಿದ್ದಾರೆ. ಜುಜುತ್ಸು ಕೈಸೆನ್ ಆ ಸೀಸನ್ ಓಡ್ತಿರುವಾಗಲೇ ಅದರ ಕೆಲವು ಅನಿಮೇಟರ್‌ಗಳು ಟೈಮ್ ಸಾಲ್ತಿಲ್ಲ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದರು. ಅವರು ನಿದ್ದೆಗೆಟ್ಟು ಬರೆದ ಚಿತ್ರವನ್ನು ನಾವು ನಿದ್ದೆಗೆಟ್ಟು ಓಡಿಸಿಕೊಂಡು ನೋಡೋದು, ಇದರಲ್ಲಿ ಯಾರಿಗೂ ಲಾಭ ಇಲ್ಲ.

ಇನ್ನೊಂದು, ಇದು ನಮ್ಮ ಕಡೆಯವರಿಗೆ ಮಾತ್ರ. ನಿಮಗೆ ತೆಲುಗು ಬರುತ್ತಲ್ವಾ, ರಾಯಚೂರಿನವರಿಗೆ ಬರದೇ ಇರುತ್ತಾ? ತೆಲುಗು ಡಬ್ ಇದ್ದರೆ ನಾಚಿಕೆ ಪಡದೆ ಅದರಲ್ಲಿ ನೋಡಿ. ಜಪಾನೀಸ್‌ನಲ್ಲೇ ನೋಡಬೇಕು, ಡಬ್ ನೋಡೋರು ಫ್ಯಾನ್‌ಗಳೇ ಅಲ್ಲ ಅನ್ನೋರ ಮಾತಿಗೆ ಕಿವಿ ಕೊಡಬೇಡಿ. ಕೆಳಗಿನ ಸಾಲು ಓದೋ ಕೆಲಸ ತಪ್ಪಿದರೆ ಕಣ್ಣು ಪೂರ್ತಿ ಚಿತ್ರದ ಮೇಲಿರುತ್ತೆ. ಡಬ್ ಸ್ವಲ್ಪ ತಡವಾಗಿ ಬರುತ್ತೆ, ಬರಲಿ. ಹಿಂದಿ, ತಮಿಳು, ತೆಲುಗಿಗೆ ಸಿಕ್ಕಷ್ಟು ಕನ್ನಡಕ್ಕೆ ಯಾಕೆ ಸಿಗಲಿಲ್ಲ ಅನ್ನೋದು ಬೇರೆ ಜಗಳ, ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಅಲ್ಲಿಗೂ ಬರ್ತೇನೆ.

2026ರ ಜನವರಿಯಲ್ಲಿ ಫ್ರೀರೆನ್ ಎರಡನೇ ಸೀಸನ್ ಶುರುವಾದಾಗ ನಾನು ಶೀಟ್ ಮಾಡಲಿಲ್ಲ. ಅದೊಂದನ್ನೇ ಹಿಡಿದೆ. ತಂಗಿ ಈಗ ಇಂಜಿನಿಯರಿಂಗ್, ಫೋನ್ ಅವಳದೇ, ಆದರೆ ಅವಳಿಗೆ ಈಗ ಕೊರಿಯನ್ ಸೀರಿಯಲ್ ಹುಚ್ಚು. ನನ್ನ ಜೊತೆ ನೋಡಿದ್ದು ನಮ್ಮ ಯೂನಿಟ್‌ನ ವಾಷಿಂಗ್ ಸೆಕ್ಷನ್ ಹುಡುಗ. ನೀಲಿ ಬಣ್ಣ ಹತ್ತಿದ ಕೈಯಲ್ಲೇ ಫೋನ್ ಹಿಡಿದು, ಒಂದೊಂದು ಸೀನಿಗೂ ನಿಲ್ಲಿಸಿ "ಇವ್ರು ಯಾಕ್ ಹಿಂಗಂದ್ರು?" ಅಂತ ಕೇಳ್ತಿದ್ದ. 24 ನಿಮಿಷದ ಎಪಿಸೋಡ್ ಮುಗಿಯೋಕೆ ಮುಕ್ಕಾಲು ಗಂಟೆ. ನನಗೆ ಅಡ್ಡಿ ಇಲ್ಲ.

ನಿಮ್ಮ ಹನ್ನೆರಡರ ಪಟ್ಟಿ ಕೆಳಗೆ ಹಾಕಿ, ಯಾವುದು ತೆಗೀಬೇಕು ಅಂತ ನಾನೇ ಗೀಟು ಹಾಕಿ ಕೊಡ್ತೇನೆ. ಲಾರಿ ಗುದ್ದಿ ಸತ್ತು ಬೇರೆ ಲೋಕದಲ್ಲಿ ಹುಟ್ಟೋ ಕಥೆಗಳು ನಾಲ್ಕಿದ್ದರೆ, ನನ್ನನ್ನು ಕೇಳದೆ ಮೂರನ್ನು ಈಗಲೇ ಹೊಡೆದು ಹಾಕಿ.